ತೆಗೆಯಲು ಮರೆತ ಹಾರ

ಅಧ್ಯಕ್ಷರಾದ ವಿಜಯಕುಮಾರ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ, ದೇವರ ದಯೆಯಿಂದ ನಮ್ಮೆದುರು ಮೊದಲ ಸಾಲಿನಲ್ಲಿ ಗಟ್ಟಿಮುಟ್ಟಾಗಿ ಕುಳಿತಿರುವ ನಮ್ಮ ಪಿ.ಟಿ. ಮೇಷ್ಟ್ರು ಮುನಿಸ್ವಾಮಪ್ಪನವರೇ, ಅವರ ಶ್ರೀಮತಿ ಸುಬ್ಬಲಕ್ಷ್ಮಮ್ಮನವರೇ, ಬಂಗಾರಪೇಟೆ, ಆಂಡರ್ಸನ್‌ಪೇಟೆ, ಕಾಮಸಮುದ್ರದ ಕಡೆಯಿಂದ ಬಂದಿರುವ ಹಳೆಯ ವಿದ್ಯಾರ್ಥಿಗಳೇ, ಸಭಿಕರೇ,

ಗಟ್ಟಿಮುಟ್ಟಾಗಿ ಎಂದ ಕೂಡಲೇ ಹಿಂದಿನ ಸಾಲಿನಲ್ಲಿ ನಕ್ಕವರು ಯಾರೆಂದು ನನಗೆ ಗೊತ್ತು. ನಗಿ. ನಗುವಂಥದ್ದನ್ನೇ ಮಾಡಿದ್ದೇನೆ.

ನನ್ನ ಹೆಸರು ಭಾನುಪ್ರಿಯ. ನಮ್ಮ ಸಂಘದ ವೆಬ್‌ಸೈಟ್ ಮಾಡಿಕೊಟ್ಟವಳು ನಾನೇ. ಅದರ ಬಗ್ಗೆ ಎರಡು ಮಾತಾಡಿ ಎಂದು ಅಧ್ಯಕ್ಷರು ಅಪ್ಪಣೆ ಕೊಡಿಸಿದ್ದಾರೆ. ನಮ್ಮ ವೆಬ್‌ಸೈಟಿನಲ್ಲಿರುವುದು ಒಂದೇ ಪುಟ. ನೀವು 'ಗುರುಗಳು' ಎಂಬುದನ್ನು ಒತ್ತಿ, 'ಶ್ರದ್ಧಾಂಜಲಿ' ಎಂಬುದನ್ನು ಒತ್ತಿ, ಪುಟ ಬದಲಾಗುವುದಿಲ್ಲ, ಒಳಗಿನ ವಿಷಯ ಮಾತ್ರ ಬದಲಾಗುತ್ತದೆ. ಬಣ್ಣ, ಅಕ್ಷರ, ಅಲಂಕಾರ ಹೇಗಿರಬೇಕೆಂದು ಹೇಳುವ ಸ್ಟೈಲ್‌ಶೀಟ್ ಒಂದೊಂದು ವಿಭಾಗಕ್ಕೂ ಬೇರೆ. ಕಾಮಸಮುದ್ರದ ಕಡೆ ನೆಟ್‌ವರ್ಕ್ ಹೇಗಿದೆ ಎಂದು ನಿಮಗೆ ಹೇಳಬೇಕೆ? ಎಲ್ಲವನ್ನೂ ಮೊದಲೇ ತರಿಸಿದರೆ ವೆಬ್‌ಸೈಟ್ ತೆರೆಯುವುದೇ ಇಲ್ಲ. ಆದ್ದರಿಂದ ಬೇಕಾದಾಗ, ಬೇಕಾದಷ್ಟನ್ನೇ ತರಿಸುವ ಏರ್ಪಾಡು ಮಾಡಿದೆ. ಜಾಣತನ ಎಂದುಕೊಂಡೆ.

ತರಿಸುವುದನ್ನು ಬರೆದೆ. ಕೆಲಸ ಮುಗಿದ ಮೇಲೆ ತೆಗೆಯುವುದನ್ನು ಬರೆಯಲಿಲ್ಲ. ಸಾವಿನ ಮನೆಗೆ ಹಾಕಿದ ಶಾಮಿಯಾನ ಬಿಚ್ಚದೆ ಅದರ ಕೆಳಗೇ ಮದುವೆ ಮಾಡಿದ ಹಾಗಾಯಿತು. ಶ್ರದ್ಧಾಂಜಲಿ ನೋಡಿ ಅಲ್ಲಿಂದ ನೇರವಾಗಿ ಗುರುಗಳ ವಿಭಾಗಕ್ಕೆ ಬಂದವರಿಗೆ, ಬದುಕಿರುವ ಮೇಷ್ಟ್ರ ಫೋಟೋಗೂ ಗಂಧದ ಹಾರ, ಪಕ್ಕದಲ್ಲಿ ಉರಿಯುವ ದೀಪ!

ನಮ್ಮ ಸುಧಾಕರ್ ಅದನ್ನು ನೋಡಿ ಗಾಬರಿಯಾಗಿ ವಾಟ್ಸಾಪ್ ಗುಂಪಿಗೆ ಹಾಕಿದರು. ಆಮೇಲೆ ಒಂದಷ್ಟು ಜನ ಹೂವಿನ ಹಾರ ಹಿಡಿದು ಕಾಮಸಮುದ್ರಕ್ಕೆ ಹೊರಟರು. ಮೇಷ್ಟ್ರು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರಂತೆ. ಹಾರ ನೋಡಿ, "ಅಯ್ಯೋ, ಯಾರಪ್ಪ ಓಗ್ಬುಟ್ರು?" ಎಂದು ಎದ್ದೇ ನಿಂತರಂತೆ. ಸುಧಾಕರ್, "ನೀವೇ ಸಾರ್" ಎಂದರಂತೆ.

ಇಲ್ಲಿಯವರೆಗೆ ನಿಮಗೆಲ್ಲ ಗೊತ್ತು. ಇಲ್ಲಿಗೇ ಮುಗಿಸಿ ಕೂರೋಣ ಎಂದುಕೊಂಡೇ ಬಂದಿದ್ದೆ.

ಆ ಬೆಳಿಗ್ಗೆ ನಾನು ಮಾರಿಕುಪ್ಪಂ ರೈಲಿನಲ್ಲಿದ್ದೆ. ವೆಬ್‌ಸೈಟಿಗೆ ಆ ಹಾರ ಬರೆದವಳು ನಾನೇ, ಆದರೂ ಗುಂಪಿಗೆ ಬಂದ ಸುದ್ದಿ ನಂಬಿದೆ. ಮೇಷ್ಟ್ರ ಮನೆಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮಾಡಲಿಲ್ಲ. ಇಷ್ಟು ವರ್ಷ ಎಲ್ಲಿದ್ದೆ ಎಂದು ಸುಬ್ಬಲಕ್ಷ್ಮಮ್ಮನವರು ಕೇಳಿಯಾರು ಎಂಬ ಭಯ. ನನ್ನನ್ನು ಖೋಖೋ ಆಡಲು ಕಳುಹಿಸುವುದಿಲ್ಲ ಎಂದು ನಮ್ಮಪ್ಪ ಹಟ ಹಿಡಿದಾಗ, ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೇ ಬಂದು, "ಕೊಂಡಪ್ಪಾ, ಕಳ್ಸು. ಸಂಜೆ ಒಳಗೆ ನಾನೇ ತಂದ್ ಬಿಡ್ತೀನಿ" ಎಂದು ದಿನಾ ಕಾಡಿದ್ದು ಈ ಮೇಷ್ಟ್ರು. ಅವರನ್ನು ನೋಡಲು ಹೋಗಲಿಲ್ಲ ಎಂದು ಹೇಗೆ ಬರೆಯಲಿ? ಗುಂಪಿನಲ್ಲಿ ಉದ್ದಕ್ಕೆ ಬರೆದೆ: "ತಿಂಗಳು ತಿಂಗಳೂ ಹೋಗಿ ಪಾದ ಮುಟ್ಟಿ ಬರುತ್ತಿದ್ದೆ. ಇನ್ನು ಯಾರ ಮನೆಗೆ ಹೋಗಲಿ?" ಎಷ್ಟೊಂದು ಜನ ಕೈಮುಗಿದರು!

ಸುದ್ದಿ ಸುಳ್ಳೆಂದು ತಿಳಿದ ಮರುದಿನ ತಪ್ಪೊಪ್ಪಿಕೊಳ್ಳಲು ಮೇಷ್ಟ್ರ ಮನೆಗೆ ಹೋದೆ. ಬಾಯಿ ತೆರೆಯುವ ಮೊದಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು. "ನೀನು ಬರ್ದಿದ್ದು ಓದಿಸ್ಕೊಂಡೆ ಕಣಮ್ಮ. ತಿಂಗಳು ತಿಂಗಳೂ ಬತ್ತಿದ್ದೆಯಂತೆ. ನಂಗೆ ಒಂದ್ ಸಲಾನೂ ಗ್ಯಾಪ್ಕ ಇಲ್ಲ. ಎಲ್ಲಾ ಮರ್ತೋಗ್ತೈತೆ. ಬೇಜಾರ್ ಮಾಡ್ಕೋಬೇಡ."

ಆಗ ನಾನು ಏನು ಹೇಳಬೇಕಿತ್ತು, ಸಭಿಕರೇ? ನಾನು ಹೇಳಿದ್ದು, "ಪರವಾಗಿಲ್ಲ ಬಿಡಿ ಸಾರ್." ಅವರನ್ನು ಕ್ಷಮಿಸಿ ಬಂದೆ! ಸುಬ್ಬಲಕ್ಷ್ಮಮ್ಮನವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಕಾಫಿ ಕೊಟ್ಟರು.

ಸ್ಟೈಲ್‌ಶೀಟನ್ನು ಅವತ್ತೇ ಸರಿಮಾಡಿದೆ. ಈಗ ಒಂದು ವಿಭಾಗದಿಂದ ಹೊರಬಂದರೆ ಅದರ ಅಲಂಕಾರವೂ ಹೊರಬರುತ್ತದೆ. ಅದು ಎರಡೇ ಸಾಲಿನ ಕೆಲಸ.

ಮೊನ್ನೆ ಸುಬ್ಬಲಕ್ಷ್ಮಮ್ಮನವರು ಫೋನ್ ಮಾಡಿದ್ದರು. "ಅವ್ರು ಈಗ ಒಬ್ರೇ ಬಸ್ ಅತ್ತಲ್ಲ ಕಣಮ್ಮ. ದಾರಿ ಮರ್ತೋದ್ರೆ ಅಂತಾರೆ. ಯಾರ್ ಏನ್ ಅಂದ್ರೂ, ಇರ್ಬೋದು, ನಂಗೇ ಗ್ಯಾಪ್ಕ ಇಲ್ಲ ಅಂತಾರೆ. ನಿಮ್ಗೆ ಮರ್ವಿಲ್ಲ ಅಂತ ನಾನ್ ಏಳಿದ್ರೆ, ನನ್ನ ಸಮಾಧಾನಕ್ಕೆ ಏಳ್ತೀಯ ಅಂತಾರೆ. ನೀನೇ ಬಂದು ಏಳು."

ಮನೆಗೆ ಹೋಗಿ ಗುಟ್ಟಾಗಿ ಹೇಳಬಹುದಿತ್ತು. ಆದರೆ ನಾನು ಬರೆದದ್ದು ಎಲ್ಲರೂ ಓದುವಲ್ಲಿ. ಅದಕ್ಕೇ ಎಲ್ಲರೂ ಕೇಳುವಲ್ಲೇ ಹೇಳುತ್ತೇನೆ.

ಮೇಷ್ಟ್ರೇ, ಇಲ್ಲಿ ಕೇಳಿ. ನಿಮಗೆ ಮರೆವು ಬಂದಿಲ್ಲ. ನಾನು ಬಂದದ್ದು ನಿಮಗೆ ನೆನಪಿಲ್ಲ, ಏಕೆಂದರೆ ನಾನು ಬಂದಿರಲಿಲ್ಲ. ಒಂದು ಸಲವೂ ಬಂದಿರಲಿಲ್ಲ.

ಇದನ್ನು ಹೇಳಲು ಮೈಕು ಕೊಟ್ಟ ಸಂಘಕ್ಕೆ, ನಡುವೆ ಎದ್ದು ಹೋಗದೆ ಕೇಳಿದ ನಿಮಗೆಲ್ಲ ನಾನು ಋಣಿ. ಮೇಷ್ಟ್ರ ಬಳಿಗೆ ಕೆಳಗಿಳಿದು ಹೋಗುತ್ತೇನೆ. ಉಳಿದವರಿಗೆ ಇಲ್ಲಿಂದಲೇ ನಮಸ್ಕಾರ.