ಜಿರಾಫೆಯ ಕತ್ತಿನ ಮೂಳೆ

ಗಂಡನ ಮರಣ ಪ್ರಮಾಣಪತ್ರಕ್ಕಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಬೆಂಚಿನಲ್ಲಿ ಲಿಫ್ಟ್ ರಿಪೇರಿ ಮಾಡುವ ಸಣಕಲನೊಬ್ಬ ಕುಳಿತಿದ್ದ. ತೀವ್ರ ನಿಗಾ ಘಟಕದಿಂದ ಅವನ ದಪ್ಪ ಜೊತೆಗಾರ ಹೊರಬಂದ. ಒಳಗೆ ಮಲಗಿದ್ದವನು ಅವರೊಂದಿಗೆ ಕೆಲಸ ಮಾಡುವ ಗೆಳೆಯ, ಅಡ್ಡಹೆಸರು ಮೇಷ್ಟ್ರು.

“ಏನ್ ಹೇಳ್ದೆ ಮೇಷ್ಟ್ರಿಗೆ?”

“ಆಕ್ಟೋಪಸ್‌ಗೆ ಎರಡು ಹೃದಯ ಅಂತ.”

“ಮೂರಲ್ವೇನೋ? ಊಟದ ಹೊತ್ತಲ್ಲಿ ಅವನೇ ಹೇಳಿದ್ದು.”

“ಬೇಕಂತಲೇ ತಪ್ಪು ಹೇಳ್ದೆ ಕಣೋ. ತಪ್ಪು ಕೇಳಿ ಅವನು ಯಾವತ್ತು ಸುಮ್ನಿದ್ದ? ನನ್ನ ಮದುವೇಲಿ ನಮ್ಮ ಮಾವನ್ನೇ ತಿದ್ದಿದ್ದ ಪುಣ್ಯಾತ್ಮ.”

“ಈಗ?”

“ಹುಬ್ಬೂ ಅಲುಗಿಸಲಿಲ್ಲ.”

“ಮೆಷಿನ್ ಸದ್ದಿಗೆ ಕೇಳಿಸಿರಲ್ಲ.”

“ಕಿವೀಲೇ ಹೇಳ್ದೆ. ಎರಡು ಸಲ.”

“ಅತ್ತಿಗೆ ಏನಂತಾರೆ?”

“ನಾವಿಬ್ರೂ ನೋಡಿ ಬಂದ್ಮೇಲೆ ಮೆಷಿನ್ ತೆಗೆಯೋಕೆ ಸಹಿ ಹಾಕ್ತಾರಂತೆ.”

“ಜಿರಾಫೆ ಕತ್ತಲ್ಲಿ ನಮ್ಮಷ್ಟೇ ಮೂಳೆ, ಏಳು. ನಾನು ಎಪ್ಪತ್ತು ಅಂತೀನಿ.”

“ಹೇಳು. ಅಂಥ ತಪ್ಪಿಗೆ ಟ್ಯೂಬ್ ಕಿತ್ಕೊಂಡು ಬೈತಾನೆ ನೋಡು.”

ಇಬ್ಬರೂ ನಕ್ಕರು. ನರ್ಸ್ ಕರೆದಳು. ಸಣಕಲ ಒಳಗೆ ಹೋಗಿ ಐದು ನಿಮಿಷದಲ್ಲಿ ಬಂದ.

“ಏನಾಯ್ತು?”

“ಏಳು ಅಂತಲೇ ಹೇಳ್ಬಿಟ್ಟೆ.”

“ಅಯ್ಯೋ, ಯಾಕೋ?”

“ಎಪ್ಪತ್ತು ಅಂದ್ರೂ ಅವನು ಸುಮ್ನೇ ಇದ್ದಿದ್ರೆ?”

ದಪ್ಪಗಿದ್ದವನು ಬೆಂಚಿನ ಮೇಲಿದ್ದ ಟೂಲ್ ಬ್ಯಾಗ್ ಎತ್ತಿ ಹೆಗಲಿಗೆ ಹಾಕಿಕೊಂಡ.

“ನಡಿ. ಅತ್ತಿಗೆ ಡಾಕ್ಟರ್ ರೂಮಲ್ಲಿ ಕಾಯ್ತಿದ್ದಾರೆ.”

“ಏನಂತ ಹೇಳೋಣ?”

“ಸಹಿ ಹಾಕಿ ಅಂತ.”

ಅವರು ಕಾರಿಡಾರಿನ ತುದಿಯಲ್ಲಿ ತಿರುಗಿದರು. ಸಾಲು ಮುಂದೆ ಸರಿಯಿತು.