ಬಾವಿಕಟ್ಟೆಯ ಟಾರ್ಚು

ನಗಬೇಡಿ. ಇದು ನಮ್ಮ ದೊಡ್ಡಪ್ಪನ ಮಗನಿಗೇ ಆಗಿದ್ದು.

ಕತ್ತರಿ ಅಣ್ಣ ಅಂತ ಕರೀತಾರೆ, ಕ್ಷೌರದಂಗಡಿ ಅವನದು. ಕತ್ತಲಾದ ಮೇಲೆ ಯಾರೂ ಮನೆ ಬಿಟ್ಟು ಬರಬಾರದು ಅಂತ ಸರ್ಕಾರದ ಹುಕುಂ ಇದ್ದ ಕಾಲ. ಅವನಿಗೆ ಮಾತ್ರ ರಾತ್ರಿ ಪಾಸು. ಯಾಕಂದ್ರೆ ಊರನ್ನೆಲ್ಲ ಬೋಳಿಸೋ ಅಧಿಕಾರಿಗಳ ಗಡ್ಡ ಬೋಳಿಸೋನು ಇವನೊಬ್ಬನೇ.

ಅವತ್ತೂ ಠಾಣೆಯಿಂದ ತಡವಾಗಿ ಬರ್ತಿದ್ದ. ದಾರಿಯಲ್ಲಿ ಹಳೇ ಬಾವಿ. ಅದರ ಹತ್ರ ಬಂದರೆ ಅವನು ತಲೆ ಎತ್ತುತ್ತಿರಲಿಲ್ಲ... ಹೆದರಿಕೆಗಲ್ಲ. ನಾಚಿಕೆಗೆ.

ಹಿಂದಿನ ವರ್ಷ ಅದೇ ಕಟ್ಟೆ ಮೇಲೆ ಟೈಲರಮ್ಮನ ಮಗಳು ಬಟ್ಟೆಗಂಟು ಹಿಡಿದು ಇವನಿಗೆ ಕಾದಿದ್ದಳು. ಇಬ್ಬರೂ ಗಡಿ ದಾಟಿ ಓಡಿಹೋಗಿ ಮದುವೆ ಆಗೋದು ಅಂತ ಮಾತಾಗಿತ್ತು. ಇವನು ಹತ್ರ ಹೋಗೋಷ್ಟರಲ್ಲಿ ಮುಖಕ್ಕೆ ಟಾರ್ಚು ಬಿತ್ತು. ಗಸ್ತಿನವರು.

"ಏಯ್, ಇವಳು ಗೊತ್ತಾ ನಿಂಗೆ?"

"ಗೊತ್ತಿಲ್ಲ ಸ್ವಾಮಿ."

ಅವಳು ಒಂದೇ ಸಲ ಇವನನ್ನ ನೋಡಿದಳು. "ನಂಗೂ ಗೊತ್ತಿಲ್ಲ," ಅಂದಳು.

ಇವನ ಹತ್ರ ಪಾಸಿತ್ತು, ಜೀಪು ಅವಳನ್ನಷ್ಟೇ ಒಯ್ದಿತು. ವಾರದೊಳಗೆ ಹೆಣ ಇದೇ ಬಾವಿಯಲ್ಲಿ ತೇಲಿತು. ಕಾಲು ಜಾರಿತಂತೆ. ಹಾಗಂತ ಅವರೇ ಹೇಳಿದರು, ಊರು ಹೂಂ ಅಂತು.

ಈಗ ಕೇಳಿ... ಅಣ್ಣ ಬಾವಿ ದಾಟಬೇಕು, ಒಳಗಿಂದ ಗೊಳಕ್ ಅಂತು. ಆಮೇಲೆ ಕಲ್ಲಿನ ಮೇಲೆ ತಪ್... ತಪ್... ಒದ್ದೆ ಪಾದ. ಕಿವಿ ಹತ್ರವೇ ಪಿಸುಮಾತು.

"ಎಷ್ಟೊತ್ತೋ ಬರೋದು? ಯಾವ ಸಾಹೇಬನ ಗಡ್ಡ ಅಷ್ಟುದ್ದ?"

ಅವಳದೇ ದನಿ, ಅದೇ ಕೀಟಲೆ. ಅಣ್ಣ ತಲೆ ಎತ್ತಿದ. ಏನೋ ಹೇಳೋಣ ಅನ್ನೋಷ್ಟರಲ್ಲಿ, ಚಕ್... ಮುಖಕ್ಕೆ ಟಾರ್ಚು. ಅದರ ಹಿಂದೆ ಬೂಟಿಲ್ಲ, ಟೋಪಿ ಇಲ್ಲ, ಹಿಡಿದ ಕೈಯೂ ಇಲ್ಲ. ಬರೀ ಬೆಳಕು.

"ಇವಳು ಗೊತ್ತಾ ನಿಂಗೆ?"

ಗೊತ್ತು, ನನ್ನವಳು... ವರ್ಷವಿಡೀ ಮಲಗಿದಲ್ಲೇ ಗೋಡೆ ಕಡೆ ತಿರುಗಿ ಅದನ್ನೇ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದ. ಈ ಸಲ ಹೇಳಲೇಬೇಕು. ಸತ್ತರೂ ಸರಿ.

"ಗೊತ್ತಿಲ್ಲ ಸ್ವಾಮಿ."

ಬಾಯಿ ತಾನಾಗೇ ಅಂದುಬಿಡ್ತು. ಯಾರೂ ಇಲ್ಲದ ಬೆಳಕಿಗೂ ಸ್ವಾಮಿ ಅಂದುಬಿಟ್ಟ.

ಅವಳು ಬೈಯಲಿಲ್ಲ. ಇವನ ಬಲಗೈ ಹಿಡಿದು, ಮಗುವಿಗೆ ಸಮಾಧಾನ ಮಾಡೋ ಹಾಗೆ ಮೆತ್ತಗೆ ಒತ್ತಿದಳು. "ನಂಗೂ ಗೊತ್ತಿಲ್ಲ," ಅಂದಳು. ಟಾರ್ಚು ಆರಿತು. ಗೊಳಕ್.

ಸುಳ್ಳು ಅನ್ನೋರು ಅವನ ಅಂಗಡಿಗೆ ಹೋಗಿ ಕೂತು ನೋಡಿ. ಟವಲಿಗೆ ಒರೆಸ್ತಾನೆ, ಒಲೆ ಮುಂದೆ ಹಿಡೀತಾನೆ... ಆ ಬಲಗೈ ಮಾತ್ರ ಒಣಗಲ್ಲ. ಮೊನ್ನೆ ನನ್ನ ನಾಲ್ಕು ಕೂದಲ ಮೀಸೆಗೆ ನೀರು ಮುಟ್ಟಿಸದೇ ಸೋಪು ಹಚ್ಚಿದ.

ನೊರೆ ಬಂತು.