ಚನ್ನಯ್ಯ ಕಾಲಿಡದ ಕಲ್ಲು

ಅಧ್ಯಕ್ಷರಿಗೆ, ನಮ್ಮ ಸ್ಕೂಲಿನ ಮೇಷ್ಟ್ರುಗಳಿಗೆ, ಹಳೇ ವಿದ್ಯಾರ್ಥಿಗಳಿಗೆ, ಸೋಸಲೆಯಿಂದ ಬಸ್ಸು ಹಿಡಿದು ನಂಜನಗೂಡಿನ ಈ ಶ್ರದ್ಧಾಂಜಲಿ ಸಭೆಗೆ ಬಂದಿರೋ ಬಂಧುಗಳಿಗೆ ನಮಸ್ಕಾರ. ಗೋವಿಂದಮ್ಮನವರೇ, ಮಗಳು ರೋಜಾ — ಗಂಡನನ್ನ, ಅಪ್ಪನನ್ನ ಕಳ್ಕೊಂಡ ನಿಮಗೆ ಏನು ಹೇಳಬೇಕೋ ಗೊತ್ತಿಲ್ಲ. ಕೈ ಮುಗಿದಿದೀನಿ, ಅಷ್ಟೇ.

ಚನ್ನಯ್ಯನವರು — ಊಹ್ಞೂಂ, ಆಗಲ್ಲ. ಇಪ್ಪತ್ತೆರಡು ವರ್ಷ ಒಂದೇ ಸ್ಟಾಫ್ ರೂಮಲ್ಲಿ ಅವನು ನನ್ನ ‘ಲೋ ಬಸ್ಪ’ ಅಂದ, ನಾನು ಅವನ್ನ ‘ಲೋ ಚನ್ನ’ ಅಂದೆ. ಈಗ ‘ಅವರು, ಇವರು’ ಅಂದ್ರೆ ಆ ಫೋಟೋದಲ್ಲೇ ನಕ್ಬಿಡ್ತಾನೆ. ಕ್ಷಮಿಸಿ.

ಇಷ್ಟೊತ್ತು ಮಾತಾಡಿದವರೆಲ್ಲ ಅವನನ್ನ ಹೊಗಳಿದ್ರು. ನಾನೊಂದು ನಿಜ ಹೇಳ್ತೀನಿ — ನಂಗೆ ಅವನ್ನ ಕಂಡ್ರೆ ಹೊಟ್ಟೆಕಿಚ್ಚು. ನಗಬೇಡಿ, ನಗಬೇಡಿ. ಇಬ್ರೂ ಚರಿತ್ರೆ ಮೇಷ್ಟ್ರೇ. ಎಂಟನೇ ಕ್ಲಾಸಿನ ಎ ಸೆಕ್ಷನ್ ಅವನಿಗೆ, ಬಿ ಸೆಕ್ಷನ್ ನನಗೆ. ಅಲ್ಲಿ ಅವನು ಶಾಸನ ಹೇಳ್ಕೊಡ್ತಿದ್ರೆ, ಇಲ್ಲಿ ನನ್ನ ಮಕ್ಳು ಶವಾಸನ ಹಾಕಿರೋವು.

ಅವನ ಕೆಲಸ ನೀವೂ ನೋಡಿದೀರಿ. ಶನಿವಾರ ಸ್ಕೂಲು ಬಿಟ್ರೆ ಸಾಕು, ಸೈಕಲ್ ಕ್ಯಾರಿಯರಿಗೆ ಕಾಗದದ ಸುರುಳಿ, ಬ್ರಷ್ಷು, ಮಸಿ ಡಬ್ಬ. ಹಳ್ಳಿಗೆ ಹೋದ್ರೆ ನಾನು, ಪಟೇಲರ ಮನೆ ಯಾವ್ದು ಅಂತ ಕೇಳೋನು. ಇವನು ಸೀದಾ ಹೆಂಗಸ್ರ ಹತ್ರ ಹೋಗಿ, ‘ಅವ್ವಾ, ನೀವು ಬಟ್ಟೆ ಒಗೆಯೋ ಕಲ್ಲು ಯಾವ್ದು?’ ಅನ್ನೋನು.

‘ಯಾಕ್ ಸಾ, ಪಂಚೆ ಒಕ್ಕೊಡ್ಬೇಕಾ? ಮನೇಲಿ ಎಡ್ತಿ ಒಗೆಯಾಕಿಲ್ವಾ?’

ಅವರೂ ನಗೋರು, ಇವನೂ ನಗೋನು, ಎಲ್ರೂ ಸೇರಿ ಕಲ್ಲು ಮಗುಚೋರು — ನೋಡಿದ್ರೆ ಅಡೀಲಿ ಕತ್ತಿ ಹಿಡಿದ ವೀರ! ಅದರ ಮೇಲೆ ಒದ್ದೆ ಕಾಗದ ಹಾಸಿ, ಬ್ರಷ್ಷಲ್ಲಿ ಹೀಗೆ — ಹೀಗೆ — ಬಡಿದು, ಮಸಿ ಒತ್ತಿ ಅಚ್ಚು ತೆಗೆಯೋನು. ಸೋಮವಾರ ಆ ಅಚ್ಚು ಎ ಸೆಕ್ಷನ್ ಗೋಡೆ ಮೇಲೆ. ನನ್ನ ಬಿ ಸೆಕ್ಷನ್ ಮಕ್ಳು ಅವನ ಕಿಟಕಿ ಮೇಲೆ.

ತಡೀಲಾರದೆ ಒಂದ್ಸಲ ಆಟ ಹೂಡಿದೆ. ‘ಚನ್ನ, ಹೆಮ್ಮರಗಾಲದ ದಾರೀಲಿ, ಬೇಲಿ ಒಳಗೆ ಒಂದು ಶಾಸನ ಐತೆ ಕಣೋ, ಅಕ್ಷರ ಮಸುಕು’ ಅಂದೆ. ಉರಿಬಿಸಿಲಲ್ಲಿ ಸೈಕಲ್ ತುಳ್ಕೊಂಡು ಹೋದ. ಅದು ಮೈಲಿಗಲ್ಲು! ಸೋಮವಾರ ಬಂದು ಬೈತಾನೆ ಅಂತ ಕಾದೆ. ಬಂದ — ಮೈಲಿಗಲ್ಲಿಂದೇ ಅಚ್ಚು ತಕ್ಕೊಂಡು ಬಂದಿದ್ದ! ಗೋಡೆಗೆ ಅಂಟಿಸಿ, ಮೈಲಿ ಹೋಗಿ ಕಿಲೋಮೀಟರ್ ಯಾವಾಗ ಬಂತು, ಈ ರಸ್ತೇಲಿ ಯಾರ ಗಾಡಿ ಓಡಾಡ್ತಿತ್ತು, ಈ ಕಲ್ಲು ಹೊತ್ತು ತಂದೋರು ಯಾರು — ಒಂದು ಪೀರಿಯಡ್ ಪೂರ್ತಿ ಪಾಠ. ಅಚ್ಚಿನ ಕೆಳಗೆ ದಪ್ಪಕ್ಷರದಲ್ಲಿ ಬರೆದಿದ್ದ: ‘ಶೋಧನೆ: ಚಿಕ್ಕಬಸಪ್ಪ’. ಆ ವಾರ ನನ್ನ ಸೆಕ್ಷನ್ನಿಂದ ಏಳು ಮಕ್ಳು, ನಮ್ಮನ್ನ ಎ ಸೆಕ್ಷನ್ನಿಗೆ ಹಾಕಿ ಅಂತ ಅರ್ಜಿ ಕೊಟ್ರು.

ಇಷ್ಟು ತಮಾಷೆ. ಮುಂದಿಂದು ತಮಾಷೆ ಅಲ್ಲ.

ತೊಂಬತ್ತೆರಡರ ಬೇಸಿಗೇಲಿ, ಕಳಲೇಲಿ ನಮ್ಮನೆ ಹಿತ್ತಿಲ ಗೋಡೆ ಕೆಡವಿಸಿದೆ. ತಳಪಾಯದಲ್ಲಿ ಒಂದು ಕಲ್ಲು ಸಿಕ್ತು. ಮೈತುಂಬ ಅಕ್ಷರ. ನ್ಯಾಯವಾಗಿ ಮಾರನೇ ದಿನವೇ ಚನ್ನನಿಗೆ ಹೇಳ್ಬೇಕಿತ್ತು. ಹೇಳ್ಲಿಲ್ಲ. ಇದೊಂದನ್ನ ನಾನೇ ಓದ್ಬೇಕು, ಪೇಪರಲ್ಲಿ ನನ್ನ ಹೆಸರು ಬರ್ಬೇಕು. ಆರು ತಿಂಗಳು ಅದರ ಮುಂದೆ ಕುಕ್ಕರಗಾಲಲ್ಲಿ ಕೂತೆ. ಒಂದು ಸಾಲೂ ಬಗೆಹರೀಲಿಲ್ಲ. ಆಗಾದ್ರೂ ಹೇಳ್ಬಹುದಿತ್ತು. ಹೇಳ್ಲಿಲ್ಲ. ಕಲ್ಲನ್ನ ಮಗುಚಿ ಹಾಕಿ, ನೀರಿನ ತೊಟ್ಟಿ ಪಕ್ಕ ಕಾಲು ತೊಳೆಯೋ ಕಲ್ಲು ಮಾಡ್ಕೊಂಡೆ. ನಂಗೆ ದಕ್ಕದ್ದು ಅವನಿಗೂ ಬೇಡ — ಇದು ನನ್ನ ಬುದ್ಧಿ.

ಅವನು ತಿಂಗಳಿಗೊಂದ್ಸಲ ನಮ್ಮನೆಗೆ ಊಟಕ್ಕೆ ಬರೋನು. ಕಾಲು ತೊಳೆಯುವಾಗ ಆ ಕಲ್ಲು ಬಿಟ್ಟು ಪಕ್ಕದ ಕೆಸರಲ್ಲಿ ನಿಲ್ಲೋನು. ಒಂಟಿ ಕಾಲಲ್ಲಿ ಕುಣೀತಾ ಒಂದೊಂದೇ ಕಾಲು ತೊಳ್ಕೊಂಡು ಮೆಟ್ಟಿಲಿಗೆ ಹಾರೋನು. ಪ್ರತಿ ಸಲ! ನಾನು ಏನಂದ್ಕೊಂಡೆ? ನಮ್ದು ಊರ ಪಟೇಲಿಕೆ ಮನೆ, ಅವನು ಕೇರಿಯಿಂದ ಬಂದವನು — ಅವರಪ್ಪನ ಕಾಲದ ಸಂಕೋಚ ಇನ್ನೂ ಹೋಗಿಲ್ಲ ಅಂದ್ಕೊಂಡೆ. ‘ಮೇಲೆ ನಿಂತ್ಕೊಳೋ ಚನ್ನ, ನಮ್ಮನೇಲಿ ಅದೆಲ್ಲ ಬಿಟ್ಟಿದೀವಿ’ ಅಂತ ನಾನು ಭಾರಿ ದೊಡ್ಡ ಮನುಷ್ಯನ ಥರ ಹೇಳ್ತಿದ್ದೆ.

‘ಅದಲ್ಲ ಕಣ್ಲಾ ಬಸ್ಪ’ ಅಂತ ನಕ್ಕು ಒಳಗೆ ಬರೋನು. ನನ್ನ ಹೆಂಡ್ತಿ ಮಹದೇವಮ್ಮ ಬಡಿಸಿದ ಮುದ್ದೆ ಉಂಡು ಹೋಗೋನು.

ಹೋದ ಗುರುವಾರ ರೋಜಾ ಅವರಪ್ಪನ ನೋಟ್‌ಬುಕ್ಕು ತಂದು, ‘ಸಾರ್, ಇದ್ರಲ್ಲಿ ನಿಮ್ಮನೆ ವಿಷಯ ಐತೆ’ ಅಂತ ಕೊಟ್ಟಳು. ಇಲ್ಲೇ ಇದೆ. ಓದ್ತೀನಿ.

‘ಹದಿನಾಲ್ಕು ಮಾರ್ಚ್ ತೊಂಬತ್ತಮೂರು. ಕಳಲೆ. ಚಿಕ್ಕಬಸಪ್ಪನ ಹಿತ್ತಲು. ಕಾಲು ತೊಳೆಯುವ ಕಲ್ಲು, ಮಗುಚಿ ಹಾಕಿದೆ. ಅಂಚಿನಲ್ಲಿ ಮೂರು ಅಕ್ಷರ ಕಾಣುತ್ತವೆ. ಬಸಪ್ಪ ಓದುತ್ತಿರಬಹುದು. ಅವನಾಗಿ ಹೇಳುವವರೆಗೆ ಮುಟ್ಟಕೂಡದು, ಕೇಳಕೂಡದು.’

— ಒಂದ್ನಿಮಿಷ. ನೀರು ಕೊಡಿ.

ಹತ್ತು ವರ್ಷ ಕಣ್ರೀ. ನಾನು ದಿನಾ ಅದರ ಮೇಲೆ ನಿಂತು ಕಾಲು ತೊಳ್ಕೊಂಡಿದೀನಿ, ಆ ಅಂಚು ನಂಗೆ ಕಂಡಿಲ್ಲ. ಅವನಿಗೆ ಕಂಡಿದೆ, ಅಕ್ಷರದ ಮೇಲೆ ಕಾಲಿಡದೆ ಕೆಸರಲ್ಲಿ ನಿಂತ, ಕಂಡೂ ಸುಮ್ಮನಿದ್ದ. ನಂಗೆ ಹತ್ತು ನಿಮಿಷ ಸುಮ್ಮನಿರೋಕಾಗಲ್ಲ. ಇದಕ್ಕೂ ಹೊಟ್ಟೆ ಉರೀತದೆ, ಏನ್ ಮಾಡ್ಲಿ? ಆ ಕಲ್ಲು ಓದಬಲ್ಲವನು ಅದನ್ನ ಓದದೇ ಹೋದ. ನನ್ನ ದೆಸೆಯಿಂದ ಓದದೇ ಹೋದ.

ಮೊನ್ನೆ ಗೋವಿಂದಮ್ಮನವರ ಕಾಲಿಗೆ ಬೀಳೋಕೆ ಹೋದೆ. ‘ಏಳಿ ಬಸ್ಪೋರೆ, ನಂಗ್ಯಾಕೆ ಬೀಳ್ತೀರಿ? ಮೊದ್ಲು ಓಗಿ ಕಲ್ಲು ಎತ್ಸಿ’ ಅಂದ್ರು.

ಅದಕ್ಕೇ — ಸಭೆ ಮುಗಿದ ಮೇಲೆ ಯಾರೂ ಮನೆಗೆ ಹೋಗಬೇಡಿ. ಗಟ್ಟಿಮುಟ್ಟಾದ ಹಳೇ ವಿದ್ಯಾರ್ಥಿಗಳು ಆರು ಜನ ಹಾರೆ ತಗೊಂಡು ನನ್ನ ಜೊತೆ ಕಳಲೆಗೆ ಬನ್ನಿ. ರೋಜಾ, ನಿಮ್ಮಪ್ಪನ ಬ್ರಷ್ಷು, ಮಸಿ ಡಬ್ಬ ತಗೊಂಡು ಬಾರಮ್ಮ. ಅವನ ಹತ್ರ ಅಕ್ಷರ ಕಲಿತವಳು ನೀನು, ನೀನೇ ಓದು. ಅಚ್ಚಿನ ಕೆಳಗೆ ಬರೆಯೋದು ಮಾತ್ರ ನಾನು — ‘ಶೋಧನೆ: ಚನ್ನಯ್ಯ’ ಅಂತ.

ಈಗ ಎಲ್ರೂ ದಯವಿಟ್ಟು ಎದ್ದು ನಿಲ್ಲಿ. ಎರಡೇ ನಿಮಿಷ. ನಾನೂ ಬಾಯಿ ಮುಚ್ಚಿರ್ತೀನಿ.

ಚನ್ನ — ಹೇಳಿದೆ ಕಣೋ.